ಯಾರೂ ಒಪ್ಪದ ತಪ್ಪು

ನವೆಂಬರ್ ತಿಂಗಳು. ಜಪಾನಿನ ಒಕಾಜಾಕಿಯ ಹೊರವಲಯದ ಗದ್ದೆಗಳಲ್ಲಿ ಕೊಯ್ಲು ಮುಗಿದು ಕೂಳೆ ಮಾತ್ರ ಉಳಿದಿತ್ತು. ಗದ್ದೆಗಳ ನಡುವಿನ ಗೇರ್ ಕಾರ್ಖಾನೆಯಲ್ಲಿ ಬೆಳಗಿನ ಪಾಳಿ ಶುರುವಾಗಿ ಹತ್ತು ನಿಮಿಷವಾಗಿತ್ತು. ಯಂತ್ರಗಳು ಮಾತ್ರ ಶುರುವಾಗಿರಲಿಲ್ಲ. ಹನ್ನೆರಡನೇ ನಂಬರಿನ ಸ್ಪ್ಯಾನರ್ ಕಾಣೆಯಾಗಿತ್ತು.

ಅಲ್ಲಿನ ಪದ್ಧತಿಯೇ ಹಾಗೆ. ಗೋಡೆಯ ಹಲಗೆಯ ಮೇಲೆ ಒಂದೊಂದು ಹತಾರದ ಆಕಾರವನ್ನೂ ಬಣ್ಣದಲ್ಲಿ ಬರೆದಿದ್ದರು. ಸಂಜೆಯಾದರೆ ಹತಾರಗಳೆಲ್ಲ ತಂತಮ್ಮ ನೆರಳಿನ ಮೇಲೆ ಹೋಗಿ ಕೂರಬೇಕು. ಒಂದು ಜಾಗ ಖಾಲಿ ಕಂಡರೂ ಸಾಕು, ಅದು ಯಾವ ಗೇರ್ ಪೆಟ್ಟಿಗೆಯೊಳಗೆ ಸೇರಿದೆಯೋ ಎಂದು ಕೆಲಸ ನಿಲ್ಲಿಸಿಬಿಡುತ್ತಿದ್ದರು. ಮದುವೆಮನೆಯಲ್ಲಿ ಮೂಗುತಿ ಬಿದ್ದುಹೋದ ಹಾಗೆ ನಲವತ್ತು ಜನ ಟಾರ್ಚು ಹಿಡಿದು ನೆಲದ ಮೇಲೆ ತೆವಳುತ್ತಿದ್ದರು.

ಅಲ್ಲಿ ಕೆಲಸಕ್ಕಿದ್ದ ಕನ್ನಡಿಗ ರಮಾಕಾಂತನೂ ತೆವಳುತ್ತಿದ್ದ. ಮೂಗು ಒರೆಸಿಕೊಳ್ಳಲು ಜಾಕೆಟ್ಟಿನ ಜೇಬಿಗೆ ಕೈಹಾಕಿದಾಗ ಬೆರಳಿಗೆ ತಣ್ಣನೆಯ ಕಬ್ಬಿಣ ತಾಗಿತು.

ಇದಕ್ಕೆಲ್ಲ ಕಾರಣ ಅವನ ಪ್ರಬಂಧ. ಕನ್ನಡ ಸಂಘದ ಸಂಚಿಕೆಗೆಂದು ಅವನು ಆರಂಭಕಾಲದ ಅಮೆರಿಕನ್ ಕತೆಗಾರನೊಬ್ಬನ ಮೇಲೆ ಬರೆಯುತ್ತಿದ್ದ. ಆ ಕತೆಗಾರನ ಹಿರಿಯರು ಪ್ಯೂರಿಟನ್ನರೆಂಬ ಕಟ್ಟುನಿಟ್ಟಿನ ಕ್ರೈಸ್ತರು. ನಗುವುದೂ ಪಾಪವೆನ್ನುತ್ತಿದ್ದವರು, ತಪ್ಪು ಮಾಡಿದವರನ್ನು ಊರ ನಡುವಿನ ಕಟ್ಟೆ ಹತ್ತಿಸಿ ನಿಲ್ಲಿಸುತ್ತಿದ್ದವರು. ಕತೆಗಾರ ಒಂದು ಪುಟದಲ್ಲಿ ಅವರನ್ನು ಕಲ್ಲೆದೆಯವರೆಂದು ಬಯ್ಯುತ್ತಿದ್ದ. ಮುಂದಿನ ಪುಟದಲ್ಲಿ, ಪಾಪಕ್ಕೆ ಅವರಷ್ಟು ನಡುಗುವವರು ಈಗ ಯಾರಿದ್ದಾರೆಂದು ನಿಟ್ಟುಸಿರಿಡುತ್ತಿದ್ದ.

"ರೀ, ನಿಮ್ಮ ಆಸಾಮಿ ಅವರನ್ನ ಬೈತಿದಾನೋ ಹೊಗಳ್ತಿದಾನೋ? ಅದೊಂದು ಡಿಸೈಡ್ ಮಾಡಿ ಮುಗಿಸ್ಬಾರ್ದಾ," ಎಂದು ಹೆಂಡತಿ ವಿಶಾಲಾಕ್ಷಿ ವಾರದಿಂದ ಕೇಳುತ್ತಿದ್ದಳು. ಬಯ್ಯುತ್ತಿದ್ದಾನೆ ಎಂಬುದೇ ರಮಾಕಾಂತನ ಮತ. ನಿನ್ನೆ ಸಂಜೆ ಅದಕ್ಕೆ ತಕ್ಕ ವಾಕ್ಯವೊಂದು ಹೊಳೆದ ಸಂಭ್ರಮದಲ್ಲಿ ಪೆನ್ನೆಂದುಕೊಂಡು ಸ್ಪ್ಯಾನರನ್ನೇ ಜೇಬಿಗಿಳಿಸಿ ಮನೆಗೆ ಹೋಗಿದ್ದ.

ಪಕ್ಕದಲ್ಲಿ ತೆವಳುತ್ತಿದ್ದ, ಕನ್ನಡದವನೇ ಆದ ಸೋಮಶೇಖರನಿಗೆ ವಿಷಯ ಪಿಸುಗುಟ್ಟಿದ.

"ಸುಮ್ನಿರೋ ಮಾರಾಯ. ಬಾಯಿ ಬಿಟ್ರೆ ನೀನು ರಿಟೈರ್ ಆಗೋವರ್ಗೂ ಇದನ್ನೇ ಹೇಳ್ತಾರೆ. ಇಲ್ಲಿ ಕೊಡು."

ಸೋಮಶೇಖರ ಅದನ್ನು ಕಪಾಟಿನ ಹಿಂದಕ್ಕೆ ಜಾರಿಸಿದ. ಐದು ನಿಮಿಷ ಬಿಟ್ಟು ತಾನೇ ಹುಡುಕಿ ತೆಗೆದ. ಎಲ್ಲರೂ ಅವನಿಗೆ ಬಾಗಿ ವಂದಿಸಿದರು. ಆಮೇಲೆಯೇ ರಮಾಕಾಂತನಿಗೆ ಹೊಳೆದದ್ದು: ಕಪಾಟು ಸುಗಿಯುರಾ-ಸಾನ್ ಅವರದು. ಸಂಜೆ ಹತಾರ ಎಣಿಸಿ ಸಹಿ ಹಾಕುವವರೂ ಅವರೇ. ನಲವತ್ತು ವರ್ಷದಲ್ಲಿ ತಪ್ಪಿನ ಪುಸ್ತಕದಲ್ಲಿ ಒಮ್ಮೆಯೂ ಹೆಸರು ಬೀಳದ ಮುದುಕ. ರಮಾಕಾಂತನಿಗೆ ಕೈಹಿಡಿದು ಕೆಲಸ ಕಲಿಸಿದವರು. ನಾಳೆ ನಿವೃತ್ತಿ.

ಮಧ್ಯಾಹ್ನ ಹನ್ಸೇಯ್ ಸಭೆ ಸೇರಿತು. ಅಲ್ಲಿ ಯಾರೂ ಯಾರನ್ನೂ ದೂರುವಂತಿಲ್ಲ. ತನ್ನ ತಪ್ಪನ್ನು ತಾನೇ ಹುಡುಕಿ ಹೇಳಿಕೊಳ್ಳಬೇಕು. ಮುಖ್ಯಸ್ಥ ಕೋಂದೋ-ಸಾನ್ ಮೊದಲು ಎದ್ದು, ಕಪಾಟಿನ ಮೂಲೆಗೆ ಬೆಳಕು ಸಾಲದ್ದು ತಮ್ಮ ತಪ್ಪೆಂದರು. ಹಲಗೆಯ ಬಣ್ಣ ಮಾಸಲು ಬಿಟ್ಟದ್ದು ತನ್ನ ತಪ್ಪೆಂದು ಉಗ್ರಾಣದವಳು ಹೇಳಿದಳು. ನಿನ್ನೆ ರಜೆಯಲ್ಲಿದ್ದವನೊಬ್ಬ ರಜೆ ಹಾಕಿದ್ದೇ ತಪ್ಪೆಂದ. ಕೊನೆಗೆ ಸುಗಿಯುರಾ ಎದ್ದು, ಸಂಜೆ ಲೆಕ್ಕ ನೋಡದೆ ಸಹಿ ಹಾಕಿದೆ ಎಂದು ಸೊಂಟ ಮುರಿಯುವಷ್ಟು ಬಾಗಿದರು. ಕೋಂದೋ ತಪ್ಪಿನ ಪುಸ್ತಕದಲ್ಲಿ ಅವರ ಹೆಸರು ಬರೆದುಕೊಂಡರು.

ಕುಳಿತಲ್ಲೇ ರಮಾಕಾಂತನಿಗೆ ತನ್ನ ಪ್ರಬಂಧ ನೆನಪಾಯಿತು. ಪ್ಯೂರಿಟನ್ನರು ಒಬ್ಬನನ್ನು ಕಟ್ಟೆಗೆ ಹತ್ತಿಸಿ ಊರೆಲ್ಲ ಕೆಳಗೆ ನಿಂತು ನೋಡುತ್ತಿದ್ದರು. ಇಲ್ಲಿ ಊರೆಲ್ಲ ಕಟ್ಟೆ ಹತ್ತಿತ್ತು, ಕೆಳಗೆ ಉಳಿದವನು ತಾನೊಬ್ಬನೇ. ಹೀಗೆ ಎಲ್ಲರೆದುರು ನಿಲ್ಲುವುದನ್ನು ಕ್ರೌರ್ಯವೆಂದು ಬರೆದವನಿಗೆ ಈಗ ನಿಲ್ಲಲೇಬೇಕೆಂಬ ಹಸಿವು ಹುಟ್ಟಿತು. ಬಯ್ಯುತ್ತಲೇ ಆ ಕತೆಗಾರ ಯಾಕೆ ಆ ಕಟ್ಟೆಯ ಸುತ್ತಲೇ ಸುಳಿಯುತ್ತಿದ್ದ ಎಂಬುದು ಮೊದಲ ಬಾರಿಗೆ ಹೊಟ್ಟೆಗೆ ತಿಳಿಯಿತು.

ಎದ್ದು ನಿಂತ. "ಸುಮಿಮಾಸೆನ್, ಕ್ಷಮಿಸಿ. ಸ್ಪ್ಯಾನರ್ ನನ್ನ ಜೇಬಿನಲ್ಲಿತ್ತು. ಸುಗಿಯುರಾ-ಸಾನ್ ಅವರದು ಏನೂ ತಪ್ಪಿಲ್ಲ."

ಸೋಮಶೇಖರ ತನ್ನ ಬೂಟಿನ ಲಾಡಿಯನ್ನು ಪರೀಕ್ಷಿಸತೊಡಗಿದ. ಕೋಂದೋ ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು. ಕಪಾಟಿನ ಹಿಂದೆ ಸಿಕ್ಕಿದ್ದನ್ನು ನಲವತ್ತು ಜನ ನೋಡಿದ್ದಾರೆ; ಆದರೂ ಗುರುವಿನ ಹೆಸರು ಉಳಿಸಲು ಈ ಮನುಷ್ಯ ಸುಳ್ಳನ್ನು ಮೈಮೇಲೆ ಎಳೆದುಕೊಳ್ಳುತ್ತಿದ್ದಾನೆ, ಇಂಥ ಮನಸ್ಸು ಈಗ ಜಪಾನಿನಲ್ಲೂ ಅಪರೂಪ ಎಂದರು. ರಮಾಕಾಂತ ಇನ್ನೆರಡು ಸಲ ಹೇಳಿನೋಡಿದ. ಹೇಳಿದಷ್ಟೂ ಅವರು ಇನ್ನಷ್ಟು ಬಾಗಿದರು. ಪುಸ್ತಕದಲ್ಲಿ ಸುಗಿಯುರಾ ಹೆಸರು ಹೊಡೆದುಹೋಗಿ, "ಕಾರಣ: ಬೆಳಕಿನ ಕೊರತೆ" ಎಂದು ದಾಖಲಾಯಿತು.

ಪಾಳಿ ಮುಗಿದಾಗ ಸುಗಿಯುರಾ ಸೈಕಲ್ ಶೆಡ್ಡಿನಲ್ಲಿ ಕಾಯುತ್ತಿದ್ದರು.

"ನಿಮ್ಮ ಜೇಬಲ್ಲೇ ಇತ್ತು ಅಂತ ನನಗೆ ಗೊತ್ತು, ರಮಾಕಾಂತ-ಸಾನ್. ಕಪಾಟಿನ ಹಿಂದೆ ಬೆಳಿಗ್ಗೆ ನಾನೇ ಎರಡು ಸಲ ನೋಡಿದ್ದೆ."

"ಮತ್ತೆ ಯಾಕೆ ನೀವು ಒಪ್ಪಿಕೊಂಡಿರಿ?"

"ನಾನು ಹೇಳಿದ್ದೂ ನಿಜವೇ." ಮುದುಕ ಸೈಕಲ್ಲಿನ ಬೀಗ ತೆಗೆಯುತ್ತ ನಿಧಾನವಾಗಿ ಹೇಳಿದರು. "ಉತ್ತರದಲ್ಲಿ ದೊಡ್ಡ ಭೂಕಂಪ ಆದ ವರ್ಷದಿಂದ ನಾನು ಹತಾರ ಎಣಿಸಿಯೇ ಇಲ್ಲ. ಆಗ ಅಲ್ಲೇ ಸೆಂಡಾಯ್‌ನಲ್ಲಿದ್ದ ತಂಗಿಗೆ ಸಂಜೆ ಫೋನ್ ಮಾಡೋ ಅವಸರ. ದೂರದಿಂದ ನೋಡಿ ಸಹಿ ಹಾಕ್ತಿದ್ದೆ. ಆಮೇಲೆ ಅವಸರ ಹೋಯ್ತು, ಅಭ್ಯಾಸ ಉಳೀತು. ಹೇಳ್ಬೇಕು ಅಂತ ದಿನಾ ಅಂದ್ಕೊಂಡೆ, ಬಾಯಿ ಬರಲಿಲ್ಲ. ಇವತ್ತು ಹೇಳಿ ಹಗುರಾಗಿದ್ದೆ. ನೀವು ಎದ್ದು ನಿಂತು ವಾಪಸ್ ಹೊರಿಸಿಬಿಟ್ರಿ."

ರಮಾಕಾಂತ, ನಾಳೆ ಇಬ್ಬರೂ ಸೇರಿ ಹೇಳೋಣ ಎಂದ.

"ಇನ್ನು ನಾವೇನು ಹೇಳಿದ್ರೂ ಅವರು ಅಳ್ತಾರೆ, ಅಷ್ಟೇ." ಸುಗಿಯುರಾ ಸೈಕಲ್ ಹತ್ತಿದರು. "ನಾಳೆ ನನ್ನ ಬೀಳ್ಕೊಡುಗೆಯಲ್ಲಿ ಮಾತಾಡೋದು ನೀವೇ ಅಂತ ಕೋಂದೋ ಗೊತ್ತು ಮಾಡಿದಾರೆ. ನಲವತ್ತು ವರ್ಷ ಒಂದೂ ತಪ್ಪಿಲ್ಲದ ಕೆಲಸ ಅನ್ನೋದೇ ವಿಷಯವಂತೆ. ಹತ್ತು ನಿಮಿಷ."

ಒಂದು ಕಾಲು ನೆಲಕ್ಕೂರಿ ಅವನ ಮುಖವನ್ನು ಬೇಡುವವರಂತೆ ನೋಡಿದರು.

"ಐದೇ ನಿಮಿಷಕ್ಕೆ ಮುಗಿಸಿಬಿಡಿ. ಅಷ್ಟು ಮಾಡಿದ್ರೆ ಸಾಕು."