ತೂತಿಲ್ಲದ ಕಾರ್ಡು ಅತ್ತೆಗೆ ಬೇಡ

ನಮ್ಮ ಅತ್ತೆಗೆ ಬೇರೆಯವರ ಪತ್ರ ಓದುವ ಚಟವಿತ್ತು. ಕದ್ದು ಓದುತ್ತಿದ್ದಳು ಅಂದುಕೊಂಡಿರಾ? ಛೆ, ಅಷ್ಟು ಅಗ್ಗದ ಹೆಂಗಸಲ್ಲ ಅವಳು. ಇಂಟರ್‌ನೆಟ್ಟಿನಲ್ಲಿ ಹರಾಜು ಕೂಗಿ, ದುಡ್ಡು ಕೊಟ್ಟು, ರಿಜಿಸ್ಟರ್ಡ್ ಪೋಸ್ಟಿನಲ್ಲಿ ತರಿಸಿಕೊಂಡು, ಕನ್ನಡಕ ಒರೆಸಿ, ಕಾಲು ಚಾಚಿ ಕೂತು ಓದುತ್ತಿದ್ದಳು!

ಅತ್ತೆಯೆಂದರೆ ಅಪ್ಪನ ಅಕ್ಕ. ಹೊನ್ನಾವರದಲ್ಲಿ ಒಬ್ಬಳೇ ಇದ್ದಳು. ನಾವು ಕುಮಟೆಯಲ್ಲಿ. ಮದುವೆ ಕಾಗದ ಅಚ್ಚು ಹಾಕಿಕೊಡುವ ಕೆಲಸಕ್ಕೆಂದು ನಾನು ಮನೆಗೊಂದು ಕಂಪ್ಯೂಟರ್ ತಂದಿದ್ದೆ. ಅದು ಬಂದ ಮೇಲೆ ಅತ್ತೆಗೆ ತಮ್ಮನ ಮೇಲೆ ಪ್ರೀತಿ ಉಕ್ಕತೊಡಗಿತು. ಪ್ರತಿ ಭಾನುವಾರ ಬೆಳಗಿನ ಬಸ್ಸಿಗೇ ಹಾಜರು. ಚಪ್ಪಲಿ ಬಿಡುವ ಮೊದಲೇ ನನ್ನನ್ನು ಕೇಳುತ್ತಿದ್ದಳು, "ತಂಗಿ, ಅದ್ನ ಚಾಲೂ ಮಾಡಿದ್ಯ?"

ಆಗಿನ ಇಂಟರ್‌ನೆಟ್ಟು ನಿಮಗೆ ನೆನಪಿರಬಹುದು. ಅದು ನಡೆಯುತ್ತಿದ್ದರೆ ಮನೆಯ ಫೋನು ಸತ್ತಂತೆ. ಅತ್ತೆ ಹರಾಜಿಗೆ ಕೂತರೆ ಅಮ್ಮನ ತವರಿನವರು ಎಷ್ಟು ಸಲ ತಿರುಗಿಸಿದರೂ ಎಂಗೇಜು. ಅಮ್ಮ ಅಡುಗೆಮನೆಯಲ್ಲಿ ಪಾತ್ರೆ ಕುಕ್ಕುತ್ತಿದ್ದಳು. "ಜೀವಮಾನವೆಲ್ಲ ಟೆಲಿಫೋನ್ ಆಫೀಸಲ್ಲಿ ಟ್ರಂಕ್ ಕಾಲ್ ಜೋಡಿಸಿದ ಹೆಂಗ್ಸು. ಮಂದಿ ಮಾತು ಕಿವಿಗೆ ಬೀಳದಿದ್ರೆ ನಿದ್ದೆ ಬರೂದಿಲ್ಲ, ಮತ್ತೆಂತ?"

ಅದಲ್ಲ ಕಾರಣ. ಅತ್ತೆ ತನ್ನ ಅಮ್ಮನನ್ನು, ಎಂದರೆ ನನ್ನ ಅಜ್ಜಿಯನ್ನು, ಹುಡುಕುತ್ತಿದ್ದಳು. ಅಜ್ಜಿ ಭಟ್ಕಳದ ಹತ್ತಿರ ಹೆಬಳೆಯಲ್ಲಿದ್ದವಳು. ಮಗಳು ಮದುವೆಯಾಗಿ ಹೊನ್ನಾವರಕ್ಕೆ ಹೋದಲ್ಲಿಂದ ತಾನು ಸಾಯುವವರೆಗೂ ಅಂಚೆ ಕಾರ್ಡು ಹಾಕಿದ್ದಳಂತೆ. ಬಂದ ಕಾರ್ಡನ್ನೆಲ್ಲ ಅತ್ತೆ ಆಗಿನ ಪದ್ಧತಿಯಂತೆ ಬಗ್ಗಿಸಿದ ತಂತಿಗೆ ಚುಚ್ಚಿ ಬಾಗಿಲ ಹಿಂದೆ ತೂಗುಹಾಕಿದ್ದಳು. ಒಂದು ವರ್ಷ ಮನೆಗೆ ಸುಣ್ಣ ಬಳಿಸುವಾಗ ಮಾವ ಬಹಳ ಉತ್ಸಾಹದಿಂದ ಹಳೆ ಪೇಪರಿನ ಜೊತೆ ಆ ತಂತಿಯನ್ನೂ ರದ್ದಿಯವನಿಗೆ ಕೊಟ್ಟುಬಿಟ್ಟರು. ಆಮೇಲೆ ಬದುಕಿದ್ದಷ್ಟು ದಿನ ಮಾವ ಸುಣ್ಣದ ಸುದ್ದಿ ಎತ್ತಲಿಲ್ಲ.

"ರದ್ದಿಗೆ ಹೋದದ್ದು ಸಿಗ್ತದಾ ಅತ್ತೆ?" ಎಂದು ಕೇಳಿದ್ದೆ.

"ಹರಾಜಿನ ಈ ಕಾರ್ಡೆಲ್ಲ ಮತ್ತೆಲ್ಲಿಂದ ಬಂದದ್ದು, ಆಕಾಶದಿಂದ್ಲಾ? ಒಂದೇ ಒಂದು ಸಿಕ್ರೆ ಸಾಕೆ ನಂಗೆ. ಅಮ್ಮನ ಕಾರ್ಡು ಓದಿದ್ರೆ ಅವ್ಳು ಕೋಳಿ ಓಡಿಸೂದೂ ಕೇಳ್ತದೆ."

ಅತ್ತೆಯ ಮಾತೇ ಹಾಗೆ, ಒಂದಕ್ಕೆ ಹತ್ತು ಸೇರಿಸುತ್ತಾಳೆ ಎಂದುಕೊಂಡೆ.

ಆದರೆ ಅವಳ ಹುಡುಕಾಟದ ಕ್ರಮ ನೋಡಿ ಮೊದಲು ಬೆಚ್ಚಿಬಿದ್ದವನು ಹರಾಜಿನಲ್ಲಿ ಹಳೆ ಕಾರ್ಡಿನ ಕಟ್ಟು ಮಾರುತ್ತಿದ್ದ ಪುಣೆಯ ವ್ಯಾಪಾರಿ. ಹಳೆ ಕಾರ್ಡು ಸಂಗ್ರಹಿಸುವವರು ಮೂಲೆ ಮಡಚಿದರೂ ಮೂಗು ಮುರಿಯುತ್ತಾರಂತೆ. ಅತ್ತೆಯೋ, ನಡುವೆ ತೂತಿಲ್ಲದ ಕಾರ್ಡನ್ನು ಕೈಯಲ್ಲಿ ಮುಟ್ಟುತ್ತಿರಲಿಲ್ಲ! ತೂತಿದ್ದರೆ ಯಾರದೋ ಮನೆಯ ತಂತಿಯಲ್ಲಿ ತೂಗಿದ್ದು, ಇಲ್ಲದಿದ್ದರೆ ಅದು ನಮ್ಮದಲ್ಲ ಎಂಬುದು ಅವಳ ಲೆಕ್ಕ. ನಾನು ನಾಚಿಕೆ ಬಿಟ್ಟು ಇಂಗ್ಲಿಷಿನಲ್ಲಿ ಬರೆದೆ: ದಯವಿಟ್ಟು ತೂತಾದವನ್ನೇ ಕಳಿಸಿ. ಅವನು ಪಾಪ, ತೂತಿಲ್ಲದವಕ್ಕೇ ಬೆಲೆ ಹೆಚ್ಚು ಮೇಡಂ, ಎಂದು ತಿಳಿಹೇಳಿದ. ನಾವು ಪಟ್ಟು ಬಿಡಲಿಲ್ಲ. ಕೊನೆಗೆ ಅವನೇ ಕೇಳಿದ: ಅಷ್ಟೊಂದು ಇಷ್ಟವಿದ್ದರೆ ನಾನೇ ಮೊಳೆ ಹೊಡೆದು ಕಳಿಸಲೇ?

ಓದಿ ಹೇಳಿದಾಗ ಅತ್ತೆ ಎದೆಯ ಮೇಲೆ ಕೈಯಿಟ್ಟುಕೊಂಡಳು. "ಅಂವ ಎಂಥಾ ಮನ್ಷ್ಯನೆ? ಮಂದಿ ಕಾಗ್ದಕ್ಕೆ ಮೊಳೆ ಹೊಡೀತ್ನಂತೆ!"

ಸಿಗದಿದ್ದುದು ಅಜ್ಜಿಯ ಕಾರ್ಡು ಮಾತ್ರ. ಉಳಿದವರದೆಲ್ಲ ಸಿಕ್ಕಿತು. ಸಿಕ್ಕಿದ್ದನ್ನು ಸುಮ್ಮನೆ ಬದಿಗಿಡುವ ಜಾಯಮಾನವೇ ಅವಳದು? ಒಂದು ಸಲ ಮುಂಬೈಯಲ್ಲಿದ್ದ ಮಗನೊಬ್ಬ ಮಿರ್ಜಾನದ ಮನೆಗೆ ಬರೆದ ಕಾರ್ಡು ಬಂತು. "ಎಮ್ಮೆ ಕರು ಹಾಕಿತೇ? ಕೂಡಲೇ ತಿಳಿಸುವುದು." ಅಷ್ಟೇ. ಉತ್ತರದ ಕಾರ್ಡು ಕಟ್ಟಿನಲ್ಲಿರಲಿಲ್ಲ. ಅತ್ತೆಗೆ ಊಟ ಸೇರಲಿಲ್ಲ. ಮುಂದಿನ ಭಾನುವಾರ ಬಂದವಳೇ ನನ್ನನ್ನು ಎಳೆದುಕೊಂಡು ಮಿರ್ಜಾನದ ಬಸ್ಸು ಹತ್ತಿದಳು.

ವಿಳಾಸದ ಮನೆ ಸಿಕ್ಕಿಯೇಬಿಟ್ಟಿತು. ಅಂಗಳದಲ್ಲಿ ಬಲೆ ಹೊಲಿಯುತ್ತ ಕೂತಿದ್ದ ಮುದುಕರೊಬ್ಬರು ತಲೆಯೆತ್ತಿದರು. ನೀರು ಬೆಲ್ಲ ಬರುವುದಕ್ಕೂ ಕಾಯದೆ ಅತ್ತೆ ಕೇಳಿದಳು, "ಎಮ್ಮೆ ಕರು ಹಾಕ್ತಾ?"

"ಯಾವ ಎಮ್ಮೆ?"

ಅತ್ತೆ ಕಾರ್ಡು ತೋರಿಸಿದಳು. ಮುದುಕರು ಕಣ್ಣು ಕಿರಿದು ಮಾಡಿ ಓದಿದರು. ಅಕ್ಷರ ಅವರ ಅಣ್ಣನದಂತೆ. ನಾನು ಭೂಮಿ ಬಾಯಿ ತೆರೆಯಲಿ ಎಂದು ಕಾಯುತ್ತಿದ್ದೆ. ಮುದುಕರು ಬಹಳ ಹೊತ್ತು ಯೋಚಿಸಿ ಅತ್ಯಂತ ಗಂಭೀರವಾಗಿ, "ಹಾಕ್ತು. ಹೆಣ್ಗರು. ಅದ್ರ ಸಂತಾನವೇ ಈಗ ಕೊಟ್ಟಿಗೇಲಿ ಇರೂದು" ಎಂದರು. ಕಾರ್ಡನ್ನು ಅವರಿಗೇ ಕೊಟ್ಟು, ಆ ಸಂತಾನದ ಹಾಲಿನ ಚಹಾ ಕುಡಿದು ನಾವು ಹೊರಟೆವು. ಬಸ್ಸಿನಲ್ಲಿ ಅತ್ತೆಯ ಮುಖ ಅರಳಿತ್ತು. "ನೋಡ್ದ್ಯ? ಮಿರ್ಜಾನದ ಕಾರ್ಡು ಪುಣೆಗೆ ಹೋಗಿ ತಿರ್ಗಿ ಮನೆಗೆ ಬಂತು. ನಮ್ಮಮ್ಮಂದೂ ಬತ್ತದೆ."

ಅಮ್ಮನ ಸಹನೆಯ ಕಟ್ಟೆ ಒಡೆದದ್ದು ಮೂಲೆ ಹರಿದ ಕಾರ್ಡು ಬಂದ ದಿನ. ಸಾವಿನ ಸುದ್ದಿಯ ಕಾರ್ಡಿಗೆ ಮೂಲೆ ಹರಿದು ಕಳಿಸುವುದು, ಅದನ್ನು ಓದಿದವರು ಹೊರಗೇ ಹರಿದೆಸೆದು ತಲೆಗೆ ಸ್ನಾನ ಮಾಡುವುದು ನಮ್ಮ ಕಡೆಯ ರೂಢಿ. ಹಾಗಾಗಿ ಅಂಥ ಕಾರ್ಡು ಉಳಿಯುವುದೇ ಅಪರೂಪ, ಈ ಕಟ್ಟಿಗೆ ಬೆಲೆಯೇ ಅದರಿಂದ ಎಂದು ವ್ಯಾಪಾರಿ ಬರೆದಿದ್ದ. ಅತ್ತೆ ಅದನ್ನು ಓದಿದಳು. ಎದ್ದಳು. ತೆಂಗಿನ ಬುಡಕ್ಕೆ ಹೋಗಿ ಚೂರು ಚೂರು ಹರಿದಳು. ನಾನು ಬಾಯಿ ಬಿಟ್ಟುಕೊಂಡು ನಿಂತಿರುವಂತೆಯೇ ಬಾವಿಕಟ್ಟೆಗೆ ನಡೆದು ತಲೆಯ ಮೇಲೆ ನೀರು ಸುರಿದುಕೊಂಡಳು.

ಮೀನು ಹುರಿಯುತ್ತಿದ್ದ ಅಮ್ಮ ಸೌಟು ಹಿಡಿದೇ ಓಡಿಬಂದಳು. "ಅಯ್ಯೋ ಅತ್ಗೆ, ಯಾರು ಹೋದ್ರು?"

"ಭಟ್ಕಳದಲ್ಲಿ ಯಾರೋ ಅಜ್ಜ."

"ಯಾವಾಗ?"

"ನಂಗೆ ಮದ್ವೆ ಆಗೂಕೂ ಮೊದ್ಲು."

ಅಮ್ಮನ ಕೈಯ ಸೌಟು ನೆಲಕ್ಕೆ ಬಿತ್ತು. ಒದ್ದೆ ಸೀರೆಯಲ್ಲಿ ನಿಂತು ಅತ್ತೆ ಸಮಾಧಾನದಿಂದ ಹೇಳಿದಳು, "ಆವತ್ತು ಯಾರೂ ಹರೀಲಿಲ್ಲ ಅಂದ್ರೆ ಯಾರೂ ಮೀಯ್ಲಿಲ್ಲ ಅಂತಾತು. ಪಾಪ, ಆ ಅಜ್ಜಂಗೆ ಯಾರಾದ್ರೂ ಒಬ್ರು ಮೀಯ್ಬೇಕಲ್ಲ?" ಸೆರಗಿನ ತುದಿ ಹಿಂಡಿದಳು. ಆಮೇಲೆ ಬೇರೆಯೇ ದನಿಯಲ್ಲಿ, "ಅಮ್ಮನ ಕಾರ್ಡು ಸಿಕ್ಕೂದಿಲ್ಲ ಕಾಣ್ತದೆ" ಎಂದಳು. ಅವಳು ಹಾಗೆ ಹೇಳಿದ್ದನ್ನು ನಾನು ಅದೇ ಮೊದಲು ಕೇಳಿದ್ದು.

ಜಗಲಿಯಲ್ಲಿ ಅಪ್ಪ ಪೇಪರು ಓದುತ್ತಿದ್ದರು. ಅಕ್ಕನ ಹುಚ್ಚಾಟದ ಬಗ್ಗೆ ಅಪ್ಪ ಒಂದು ದಿನವೂ ಒಂದಕ್ಷರ ಆಡಿದವರಲ್ಲ. ಆವತ್ತೂ ಆಡಲಿಲ್ಲ.

ಮುಂದಿನ ಭಾನುವಾರ ಅತ್ತೆ ಬಂದಾಗ ಪುಣೆಯ ಕಟ್ಟಿನ ಮೇಲೆ ಬಿಡಿ ಕಾರ್ಡೊಂದಿತ್ತು. ಹೊಚ್ಚ ಹೊಸದು. ಅತ್ತೆ ಎತ್ತಿ ಬೆಳಕಿಗೆ ಹಿಡಿದಳು. "ಇದ್ಕೆ ತೂತು ಇಲ್ಲ."

ಅಪ್ಪ ಎದ್ದು ಒಳಗೆ ಹೋಗಿ ಮುರಿದ ಕೊಡೆಯ ಕಡ್ಡಿ ತಂದರು. ಅಕ್ಕನ ಕೈಯಿಂದ ಕಾರ್ಡು ತೆಗೆದುಕೊಂಡು ನಡುವೆ ಚುಚ್ಚಿ ವಾಪಸು ಕೊಟ್ಟರು. "ಈಗ ಓದು."

ಅತ್ತೆ ಗಟ್ಟಿಯಾಗಿ ಓದಿದಳು.

"ಮಗಳಿಗೆ ಅಮ್ಮ ಮಾಡುವ ಆಶೀರ್ವಾದ. ನಾವೆಲ್ಲ ಕ್ಷೇಮ. ನಿನ್ನ ಕೆಮ್ಮು ಎಂತಾತು? ಬಿಸಿನೀರು ಕುಡಿ. ಹೋಶ್, ಹೋಶ್. ಆ ಕೋಳಿ ಅಕ್ಕಿಗೆ ಬಾಯಿ ಹಾಕ್ತು, ಓಡಿಸಿ ಬಂದು ಬರಿಯೋ. ಬರೆದ್ಯ? ನಿನ್ನ ಅತ್ತೆ ಬೈದ್ರೆ ತಿರುಗಿ ಮಾತಾಡಬೇಡ. ಇದ್ನ ಬರೀಬೇಡ, ಅವ್ಳ ಅತ್ತೆ ಓದ್ತದೆ. ಚುಕ್ಕೆ ಕೋಳಿ ಕಾವಿಗೆ ಕೂತದೆ."

ನಾನು ದಂಗಾಗಿ ಅಪ್ಪನನ್ನು ನೋಡಿದೆ.

"ಅಮ್ಮಂಗೆ ಬರೂಕೆ ಎಲ್ಲಿ ಬರ್ತಿತ್ತು?" ಎಂದರು ಅಪ್ಪ. "ನಾ ಶಾಲೆಗೆ ಹೋಗ್ತಿದ್ದೆ. ಅವ್ಳು ಹೇಳ್ತಿದ್ಲು, ನಾ ಬರೀತಿದ್ದೆ. ಹೇಳಿದ್ದೆಲ್ಲ ಬರೀತಿದ್ದೆ."

ಅತ್ತೆ ನಗುತ್ತಿದ್ದಳು, ಕಣ್ಣಿಂದ ನೀರು ಇಳಿದು ಕುಪ್ಪಸದ ಮೇಲೆ ಬೀಳುತ್ತಿತ್ತು. ಅಮ್ಮ ಒಳಗಿಂದ ಬಂದು ಅವಳ ಪಕ್ಕದಲ್ಲಿ ಕೂತಳು. ನನಗೂ ಅಳು ಬಂತು. ಕಂಪ್ಯೂಟರನ್ನು ಆವತ್ತು ಯಾರೂ ಮುಟ್ಟಲಿಲ್ಲ.

ಸಂಜೆ ಬಸ್ಸಿಗೆ ಹೊರಟ ಅತ್ತೆ ಮೆಟ್ಟಿಲಿಳಿದವಳು ಹಿಂದೆ ತಿರುಗಿದಳು. ಮುಖದಲ್ಲಿ ಅದೇ ಮಿರ್ಜಾನದ ಎಮ್ಮೆಯ ಚಿಂತೆ.

"ತಮ್ಮ, ಆ ಚುಕ್ಕೆ ಕೋಳಿ ಮರಿ ಮಾಡ್ತಾ?"

"ಮುಂದಿನ ಕಾರ್ಡಲ್ಲಿ ಬರೀತಾಳೆ" ಎಂದರು ಅಪ್ಪ.

ಸೋಮವಾರ ಬೆಳಿಗ್ಗೆ ಅಂಗಿ ತೊಟ್ಟು ಅಂಚೆ ಕಚೇರಿಗೆ ಹೋದರು.