ಬಾಯಿ ಬಿಟ್ಟರೆ ಒಂದು ಮೇಕೆ

ಸೆತುನ್ಯಾ: ಹೆಣ್ಣಿಗೆ ಕೊಡೋ ತೆರದ ದನ ಬಂದಿಲ್ಲ ಅಂದ್ಮೇಲೆ ನಾನಿನ್ನೂ ನಮ್ಮಣ್ಣನ ಮನೆ ಹುಡುಗೀನೇ. ಈ ಟ್ರಂಕಿನ ಆ ಕಡೆ ಸ್ವಲ್ಪ ಹಿಡ್ಕೊಳ್ಳಿ.

ರಂತಾವೊ: ನಾಲ್ಕು ಮಕ್ಕಳ ತಾಯಿ ಕಣೇ ನೀನು.

ಸೆತುನ್ಯಾ: ಆ ಲೆಕ್ಕದಲ್ಲಿ ಮಕ್ಕಳೂ ನಮ್ಮಣ್ಣನ ಮನೆಯವೇ. ಊರಿಗೆಲ್ಲ ಹಾಗೇ ಹೇಳ್ಕೊಂಡು ಬಂದೋರು ನೀವು.

ರಂತಾವೊ: ಮೂವತ್ತೊಂದು ವರ್ಷ ಜೊತೇಲಿ ಬಾಳಿದ್ದಕ್ಕೆ ಒಂದು ಬೆಲೆ ಇಲ್ವಾ?

ಸೆತುನ್ಯಾ: ಇದೆ. ಆರು ದನ.

ರಂತಾವೊನಿಗೆ ಹೀಗಾಗುತ್ತದೆ ಅಂದರೆ ಯಾರು ನಂಬುತ್ತಾರೆ? ಕಾಲಹಾರಿಯ ಅಂಚಿನ ಆ ಸೀಮೆಯಲ್ಲಿ ಹೆಣ್ಣಿನ ಮಾತುಕತೆ ಎಂದರೆ ಅವನೇ ಹಿರಿಯ. ಅವನು ಕೂತ ಅಂಗಳಕ್ಕೆ ಗಂಡಿನವರು ಹೆದರಿ ಹೆದರಿ ಕಾಲಿಡಬೇಕು. ಸೂರ್ಯ ಹುಟ್ಟಿದ ಮೇಲೆ ಬಂದರೆ ದಂಡ, ಕೋಟು ಹಾಕದೆ ಬಂದರೆ ದಂಡ, ಹೇಳುವ ಮೊದಲೇ ಕೂತರೆ ದಂಡ. ಮದುವೆ ಗಂಡು ನಡುವೆ ಬಾಯಿ ಹಾಕಿದನೋ, ಮಾತಿಗೊಂದು ಮೇಕೆ. ಈ ಕೊನೆಯ ಕಟ್ಟಳೆಯಂತೂ ಅವನೇ ಹುಟ್ಟುಹಾಕಿದ್ದು. ಅಂಥ ಮಹಾನುಭಾವ ತನ್ನ ಹೆಂಡತಿಯ ತೆರವನ್ನು ಮಾತ್ರ ‘ಬರುವ ಚಳಿಗಾಲಕ್ಕೆ’ ಎಂದು ಮುಂದೆ ಹಾಕಿದ್ದ. ಚಳಿಗಾಲಗಳೇನೋ ತಪ್ಪದೆ ಬಂದವು, ಪಾಪ, ಮೂವತ್ತೊಂದು ಸಲ.

ನಾಳೆ ಬೆಳಗಾದರೆ ಮಗಳು ಕಿತ್ಸೊಳ ಬೀಗರು ಎಂಟು ದನ ಹೊಡೆದುಕೊಂಡು ಬರುವವರು. ಇವತ್ತು ಮಧ್ಯಾಹ್ನ ಸೆತುನ್ಯಾಳ ಅಣ್ಣ ಕೆನೋಸಿ ನಗುನಗುತ್ತ ಬಂದ. ತಾಯಿಯ ತೆರ ಸಲ್ಲದೆ ಮಗಳ ತೆರ ಅಪ್ಪನ ದೊಡ್ಡಿಗೆ ಹೋಗೋ ಹಾಗಿಲ್ಲ, ಎಂಟು ದನವೂ ಸೋದರಮಾವನಾದ ತನ್ನ ದೊಡ್ಡಿಗೇ ಬರಬೇಕು, ಅಪ್ಪ ಕೂರುವ ಕುರ್ಚಿಯಲ್ಲಿ ತಾನೇ ಕೂರಬೇಕು ಎಂದು ಹೇಳಿ, ಮಗ್ಗಿನ ತುಂಬ ಚಹಾ ಕುಡಿದು ಹೋದ. ರಂತಾವೊ ಇಲ್ಲವೆನ್ನುವುದು ಹೇಗೆ? ಹೋದ ವರ್ಷ ಇನ್ನೊಬ್ಬ ಬಡಪಾಯಿಗೆ ಇದೇ ಮಾತು ಹೇಳಿ ಅಳಿಸಿ ಬಂದವನು ರಂತಾವೊನೇ. ದನ ಹೋದರೆ ಹಾಳಾಗಿ ಹೋಗಲಿ, ಮಗಳ ಮದುವೆಯಲ್ಲಿ ಅಪ್ಪನ ಕುರ್ಚಿಯೇ ತಪ್ಪಿದರೆ ಊರಲ್ಲಿ ಮುಖ ತೋರಿಸುವುದು ಹೇಗೆ?

ರಂತಾವೊ: ಒಂದು ಸಲ ಜ್ಞಾಪಿಸಿದ್ರೆ ಕೊಟ್ಟುಬಿಡ್ತಿದ್ನಲ್ಲೇ.

ಸೆತುನ್ಯಾ: ಹೆಣ್ಣು ತನ್ನ ತೆರ ತಾನೇ ಕೇಳಿದ್ರೆ ಮನೆತನದ ಮಾನ ಹೋಗುತ್ತೆ. ಇದು ಯಾರ ಮಾತು?

ರಂತಾವೊ: ನಂದೇ. ಹೋಗ್ಲಿ, ರಾತ್ರಿ ಊಟಕ್ಕೇನು?

ಸೆತುನ್ಯಾ: ಮದುವೆಯಾಗದ ಹುಡುಗಿ ಪರಗಂಡಸಿಗೆ ಗಂಜಿ ಕಾಸಿ ಹಾಕಿದ್ರೆ ಜನ ಏನಂದಾರು? ನನ್ನ ಮೇಕೆಗಳಿಗೆ ನೀರಿಡೋದು ಮರೀಬೇಡಿ. ಕುಂಟಿಗೆ ಬೇರೆ ಬೋಗುಣಿ.

ಮಾರನೆಯ ದಿನ ಇನ್ನೂ ಮಬ್ಬುಗತ್ತಲು. ಆರು ದನ ಮುಂದೆ, ಕೋಟು ತೊಟ್ಟ ಮೊಡಿಸೆ ಹಿಂದೆ. ಈ ಮೊಡಿಸೆ ರಂತಾವೊನ ಸೋದರಮಾವನ ಮಗ. ಗಂಡು ತಾನೇ ಹೆಣ್ಣು ಕೇಳುವ ಹಾಗಿಲ್ಲವಲ್ಲ, ಅದಕ್ಕೆ ಅವನನ್ನು ಹಿರಿಯನೆಂದು ಹೊರಡಿಸಿದ್ದು. ಮೊಡಿಸೆಯ ಮದುವೆಯಲ್ಲಿ ರಂತಾವೊ ಹೆಣ್ಣಿನವರ ಪರ ಕೂತು ಅವನಿಂದ ಮೂರು ಮೇಕೆ ಕಿತ್ತಿದ್ದ. ಮೊಡಿಸೆ ಅದನ್ನು ಮರೆತಿರಲಿಲ್ಲ. ರಂತಾವೊ ತನ್ನದೂ ಒಂದು ಕೋಟು ತೊಟ್ಟು, ಕೆನೋಸಿಯ ಬೇಲಿಯಾಚೆ ಮರದ ಬುಡದಲ್ಲಿ ನೆಲದ ಮೇಲೆ ಕೂತ.

ಕೆನೋಸಿ: ಇಷ್ಟು ಹೊತ್ತಿಗೇ ಏನು ಬಂದ್ರಿ?

ಮೊಡಿಸೆ: ನೀರು ಕುಡಿಯೋಕೆ ಒಂದು ಸೋರೆಬುರುಡೆ ಕೇಳೋಣ ಅಂತ.

ಹೆಣ್ಣು ಕೇಳುವುದು ಹೀಗೆಯೇ. ನೇರವಾಗಿ ಹೆಣ್ಣೆಂದರೆ ಅದಕ್ಕೂ ದಂಡ.

ಕೆನೋಸಿ: ನಮ್ಮದೊಂದು ಕಳೆದುಹೋಗಿ ಮೂವತ್ತೊಂದು ವರ್ಷ ಆಗಿತ್ತು. ನಿನ್ನೆ ಸಂಜೆ ಟ್ರಂಕ್ ಹೊತ್ಕೊಂಡು ತಾನಾಗೇ ವಾಪಸ್ ಬಂತು. ಅದಾಗುತ್ತಾ?

ಮೊಡಿಸೆ: ಅದೇ ಬೇಕು.

ಕೆನೋಸಿ: ಬಾಯಿ ಸ್ವಲ್ಪ ದೊಡ್ಡದು.

ಮೊಡಿಸೆ: ಗಂಡಿಗೆ ಅಭ್ಯಾಸ ಆಗಿದೆ.

ಕೆನೋಸಿ: ಹಾಗಾದ್ರೆ ಎಂಟು ದನ.

ರಂತಾವೊ: ಆರು ಅಂತ ತಾನೇ ಹೇಳಿದ್ದು?

ಕೆನೋಸಿ ಅತ್ತಿತ್ತ ನೋಡಿದ.

ಕೆನೋಸಿ: ಯಾರೋ ಮಾತಾಡಿದ ಹಾಗಾಯ್ತು. ಮರವೇನೋ.

ಮೊಡಿಸೆ: ಮರ ಅಲ್ಲ, ಗಂಡು.

ಕೆನೋಸಿ: ಗಂಡು ಬಾಯಿ ಹಾಕಿದ್ರೆ?

ಮೊಡಿಸೆ: ಒಂದು ಮೇಕೆ.

ಹಾಲು ಕುಡಿದಷ್ಟು ಸಂತೋಷ ಮೊಡಿಸೆಗೆ.

ರಂತಾವೊ: ಬೇಲಿಯಾಚೆ ಆಡಿದ ಮಾತು ಲೆಕ್ಕಕ್ಕಿಲ್ಲ.

ಕೆನೋಸಿ: ಎರಡು.

ರಂತಾವೊ ಎರಡು ಕೈಯಲ್ಲೂ ಬಾಯಿ ಮುಚ್ಚಿಕೊಂಡ. ಒಳಗೆ ಹಗ್ಗಜಗ್ಗಾಟ ನಡೆದು, ಹಳೆಯ ಹೆಣ್ಣಿಗೆ ಹೊಸ ಬೆಲೆ ಕೇಳುವುದು ಸರಿಯಲ್ಲವೆಂದು ಮೊಡಿಸೆ, ಹಳೆಯದಾದಷ್ಟೂ ಪಳಗಿದ್ದೆಂದು ಕೆನೋಸಿ, ಕೊನೆಗೆ ಆರಕ್ಕೇ ಬಂದು ನಿಂತಿತು. ಅಷ್ಟರಲ್ಲಿ ದಾರಿಯಲ್ಲಿ ದನದ ಗಂಟೆ ಕೇಳಿಸಿತು. ಕಿತ್ಸೊಳ ಬೀಗರು ಬಂದೇಬಿಟ್ಟಿದ್ದರು. ಯಾವ ದೊಡ್ಡಿಗೆ ಹೊಡೆಯಬೇಕು, ಅಪ್ಪನದಕ್ಕೋ ಮಾವನದಕ್ಕೋ ಎಂದು ಗೊತ್ತಾಗದೆ ಕವಲುದಾರಿಯಲ್ಲಿ ಎಂಟು ದನದ ಜೊತೆ ನಿಂತುಬಿಟ್ಟರು. ಉಳಿದದ್ದು ಒಂದೇ, ಹೆಣ್ಣಿನ ಒಪ್ಪಿಗೆ.

ಹೊಸ ಮದುವಣಗಿತ್ತಿಯಂತೆ ಚೌಕಳಿ ಶಾಲು ಹೊದ್ದು, ನೆಲ ನೋಡುತ್ತ ಸೆತುನ್ಯಾ ಹೊರಗೆ ಬಂದಳು.

ಕೆನೋಸಿ: ಈ ಗಂಡನ್ನ ಬಲ್ಲೆಯೇನಮ್ಮ?

ಸೆತುನ್ಯಾ: ಕೋಟು ಹಾಕಿರೋದ್ರಿಂದ ಗುರುತು ಸಿಗ್ತಿಲ್ಲ.

ಅಂಗಳದಲ್ಲಿ ನೆರೆದಿದ್ದ ಹೆಂಗಸರು ಬಿದ್ದು ಬಿದ್ದು ನಕ್ಕರು. ಸೆತುನ್ಯಾ ನಗಲಿಲ್ಲ, ತಲೆಯೆತ್ತಿ ಬೇಲಿಯಾಚೆ ನೋಡಿದಳು.

ಸೆತುನ್ಯಾ: ಅಣ್ಣಾ, ಆವತ್ತು ಇವರು ನನ್ನನ್ನ ಕೇಳ್ಲೇ ಇಲ್ಲ. ಕತ್ತೆಗಾಡಿ ಕಳಿಸಿ, ಟ್ರಂಕ್ ಕಟ್ಟಿಟ್ಟಿದ್ದಾಳಾ ಅಂತ ಗಾಡಿಯವನ ಕೈಲಿ ಕೇಳಿಸಿದ್ರು. ನೀನು ಬೇಕು ಅಂತ ಅವರ ಬಾಯಿಂದ್ಲೇ ಬರ್ಲಿ, ಆಮೇಲೆ ಹೇಳ್ತೀನಿ.

ರಂತಾವೊಗೆ ಅಡಕತ್ತರಿಯಲ್ಲಿ ಸಿಕ್ಕಿದ ಹಾಗಾಯಿತು. ಬಾಯಿ ಬಿಟ್ಟರೆ ಮೇಕೆ, ಬಿಡದಿದ್ದರೆ ಹೆಂಡತಿಯೂ ಇಲ್ಲ, ಕುರ್ಚಿಯೂ ಇಲ್ಲ. ಅವನು ಮಂಡಿಯೂರಿ ಎದ್ದು, ಕೋಟಿನ ಧೂಳು ಕೊಡವಿಕೊಂಡ.

ರಂತಾವೊ: ಬೇಕು.

ಕೆನೋಸಿ: ಮೂರು.

ರಂತಾವೊ: ನಿನ್ನೆ ಗಂಜಿ ಸೀದುಹೋಯ್ತು. ಮನೆಯೆಲ್ಲ ಬಿಕೋ ಅಂತಿತ್ತು.

ಕೆನೋಸಿ: ಎರಡು ಮಾತು. ಐದು.

ರಂತಾವೊ: ಎಣಿಸ್ಕೋ ಭಾವ. ಆವತ್ತೇ ಕೇಳ್ಬೇಕಿತ್ತು. ಎದುರಿಗೆ ನಿಂತು ಕೇಳಿದ್ರೆ ಎಲ್ಲಿ ಬೇಡ ಅಂದುಬಿಡ್ತಾಳೋ ಅಂತ ಹೆದರಿ ಗಾಡಿ ಕಳಿಸ್ದೆ.

ಮೊಡಿಸೆ: ಎಂಟು.

ತಾನು ಯಾವ ಕಡೆಯವನೆಂಬುದು ಮೊಡಿಸೆಗೆ ಮರೆತೇಹೋಗಿತ್ತು. ಸೆತುನ್ಯಾ ಶಾಲಿನ ಅಂಚಿನಲ್ಲಿ ಕಣ್ಣೊರೆಸಿಕೊಂಡಳು. ರಂತಾವೊ ಅದನ್ನು ನೋಡಿದ, ಇನ್ನು ಅವನನ್ನು ಹಿಡಿಯುವವರಿಲ್ಲ.

ರಂತಾವೊ: ಕುಂಟಿಯೂ ಹೋಗ್ಲಿ, ಮರಿಗಳೂ ಹೋಗ್ಲಿ, ದೊಡ್ಡಿಯೇ ಖಾಲಿಯಾಗ್ಲಿ, ನಾನು ಇವತ್ತು ಎಲ್ಲಾನೂ ಹೇಳೋನೇ.

ಕಣ್ಣೊರೆಸುತ್ತಿದ್ದ ಕೈ ಅಲ್ಲೇ ನಿಂತಿತು.

ಸೆತುನ್ಯಾ: ಒಪ್ಪಿಗೆ ಅಣ್ಣಾ, ಒಪ್ಪಿಗೆ, ಮೊದ್ಲು ಅವರ ಬಾಯಿ ಮುಚ್ಚಿಸು. ಆ ಮೇಕೆಗಳೆಲ್ಲ ನನ್ನವು.