ಬೀಗರ ಪಕ್ಕೆಲುಬಿನ ಬಗ್ಗೆ ದೃಢೀಕರಣ ಕೋರಿ

ಇಂದ:
ಅರ್ಜಿದಾರಳು,
ಬಿಸ್ಕತ್ತು ಕಾರ್ಖಾನೆಯ ಪ್ಯಾಕಿಂಗ್ ವಿಭಾಗದ ನಿವೃತ್ತ ಮೇಲ್ವಿಚಾರಕಿ,
ಸದ್ಯ ಮಗಳ ಮನೆ, ಮೂರನೆಯ ಮಹಡಿ (ಲಿಫ್ಟ್ ಕೆಟ್ಟಿದೆ).

ಗೆ:
ಮುಖ್ಯ ಬೋಧಕರು,
ಪ್ರಥಮ ಚಿಕಿತ್ಸಾ ತರಬೇತಿ ಕೇಂದ್ರ.

ವಿಷಯ: ಬೀಗರ ಪಕ್ಕೆಲುಬು ಬಿರುಕು ಬಿಟ್ಟಿದ್ದು ದ್ವೇಷದಿಂದಲ್ಲ, ನಿಯಮದಿಂದ ಎಂದು ದೃಢೀಕರಿಸುವ ಕುರಿತು.

ಉಲ್ಲೇಖ: ಕಾರ್ಖಾನೆಯಲ್ಲಿ ತಾವು ಕೊಟ್ಟ ಹಳೆಯ ತರಬೇತಿ, ಮಗಳು ಈಚೆಗೆ ಪಡೆದ ಹೊಸ ತರಬೇತಿ.

ಮಾನ್ಯರೇ,

1. ಅರ್ಜಿದಾರಳಿಗೂ ಅಳಿಯನ ತಂದೆಯಾದ ಬೀಗರಿಗೂ ಮಕ್ಕಳ ಮದುವೆಯಾದಂದಿನಿಂದ ಅಷ್ಟಕ್ಕಷ್ಟೆ. ಬೀಗರು ಗೊತ್ತುಮಾಡಿದ ಫೋಟೋದವನು ಎಲ್ಲ ಫೋಟೋದಲ್ಲೂ ಅರ್ಜಿದಾರಳ ಅರ್ಧ ತಲೆ ಕತ್ತರಿಸಿದ್ದೇ ಕಾರಣ.

2. ಕಳೆದ ತಿಂಗಳು ಬೀಗರು "ಕೂಲಿಯವರು ಯಾಕೆ, ನಾನಿಲ್ವಾ" ಎಂದು ಮಗನ ಜೊತೆ ಬೀರುವನ್ನು ಮೆಟ್ಟಿಲು ಹತ್ತಿಸಿದರು. ಬೀರು ಹಾಲಿಗೆ ಬಂತು, ಬೀಗರು ಅದರ ಪಕ್ಕದಲ್ಲೇ ಕುಸಿದರು. ಕರೆದರೆ ಓಗೊಡಲಿಲ್ಲ, ಉಸಿರೂ ಇಲ್ಲ. ಅಳಿಯ ಆಂಬುಲೆನ್ಸಿಗೆ ಫೋನು ಹಚ್ಚಿದ. ಔಷಧಿ ಅಂಗಡಿಯಲ್ಲಿ ಕೆಲಸ ಮಾಡುವ ಮಗಳ ಬಲಗೈ ಪ್ಲಾಸ್ಟರಿನಲ್ಲಿತ್ತು. ಆದಕಾರಣ ಅರ್ಜಿದಾರಳೇ ಮಂಡಿಯೂರಬೇಕಾಯಿತು.

3. ಕಲಿತ ಪ್ರಕಾರ ಆಕೆ ಬೀಗರ ಗದ್ದ ಎತ್ತಿ, ಮೂಗು ಹಿಡಿದು, ಬಾಯಿಗೆ ಬಾಯಿ ಇಡಲು ಬಗ್ಗಿದಳು. ಬಗ್ಗಿದವಳು ಅಲ್ಲೇ ತಡೆದಳು. ವರ್ಷಗಟ್ಟಲೆ ನೆಟ್ಟಗೆ ನೋಡದಿದ್ದ ಮುಖ ಅದು.

"ಅಮ್ಮಾ, ಬಾಯಿ ಬಿಡು, ಎದೆ ಒತ್ತು. ರೂಲ್ ಬದಲಾಗಿದೆ," ಎಂದಳು ಮಗಳು.

"ಯಾವಾಗ ಬದಲಾಯ್ತೇ?"

"ಆಮೇಲೆ ಹೇಳ್ತೀನಿ. ಒತ್ತು. ಇನ್ನೂ ಜೋರಾಗಿ."

ಒತ್ತಿದಳು. ಒಳಗೆ ಏನೋ ಲಟಕ್ಕೆಂದಿತು. ಕೈ ತೆಗೆಯಹೋದರೆ ಮಗಳು "ನಿಲ್ಲಿಸ್ಬೇಡ" ಎಂದಳು. ಆಕೆ ಸೋತಾಗ ಅಳಿಯ, ಅಳಿಯ ಸೋತಾಗ ಆಕೆ. ಆಂಬುಲೆನ್ಸಿನವರು ಬಂದು ಶಾಕ್ ಕೊಡುವವರೆಗೂ ಬಿಡಲಿಲ್ಲ.

4. ಆಸ್ಪತ್ರೆಯ ಬೆಂಚಿನ ಮೇಲೆ ಮಗಳು ವಿವರಿಸಿದಳು. ಹಿಂದೆ ಮೊದಲು ಉಸಿರು, ಆಮೇಲೆ ಹದಿನೈದು ಸಲ ಒತ್ತಿ ಎರಡು ಉಸಿರು. ಈಗ ಮೊದಲು ಎದೆ; ಕಲಿತವರು ಮೂವತ್ತಕ್ಕೆ ಎರಡು ಉಸಿರು ಕೊಡಬೇಕು, ಕಲಿಯದವರು ಬರೀ ಒತ್ತಿದರೂ ಸೈ. ಆಳ ಐದು ಸೆಂಟಿಮೀಟರಿಗೆ ಕಡಿಮೆಯಿಲ್ಲ, ಆರು ದಾಟಬಾರದು. ಅಷ್ಟು ಆಳಕ್ಕೆ ಒತ್ತುವಾಗ ಪಕ್ಕೆಲುಬು ಬಿರುಕು ಬಿಡುವುದೂ ಉಂಟಂತೆ. ದೊಡ್ಡವರು ದಿಢೀರನೆ ಕುಸಿದಾಗ ರಕ್ತದಲ್ಲಿ ಸ್ವಲ್ಪ ಹೊತ್ತಿಗಾಗುವಷ್ಟು ಆಮ್ಲಜನಕ ಇರುತ್ತದಂತೆ. ಒತ್ತುವುದು ನಿಂತರೆ ಅದು ಮಿದುಳಿಗೆ ತಲುಪುವುದೇ ಇಲ್ಲವಂತೆ. ಮೇಲಾಗಿ ಬಾಯಿಗೆ ಬಾಯಿ ಎಂದರೆ ಜನ ಹಿಂಜರಿದು ಏನೂ ಮಾಡದೆ ನಿಲ್ಲುತ್ತಾರಂತೆ. ಈ ಕೊನೆಯದಕ್ಕೆ ಅರ್ಜಿದಾರಳೇ ಸಾಕ್ಷಿ.

5. ಎಚ್ಚರವಾದ ಬೀಗರು ನೋಡಲು ಬಂದವರಿಗೆಲ್ಲ, "ಹಾರ್ಟಿನ ನೋವು ಹೋಯ್ತು. ಈಗಿರೋದು ಬೀಗಿತ್ತಿ ಕೊಟ್ಟ ನೋವು. ಹಳೇದನ್ನೆಲ್ಲ ಒಂದೇ ಸಲ ತೀರಿಸ್ಕೊಂಡ್ರು," ಎಂದು ಹೇಳುತ್ತ ಬಂದರು. ನೆಂಟರೆದುರು ತಲೆಯೆತ್ತಲಾಗದ ಕಾರಣ ಅರ್ಜಿದಾರಳು ಈ ಅರ್ಜಿ ಬರೆಯತೊಡಗಿದಳು.

6. ನಿನ್ನೆ ಮನೆಗೆ ಬಂದ ಬೀಗರು ಇಲ್ಲಿಯವರೆಗಿನದನ್ನು ಓದಿದರು.

"ತಮಾಷೆಗೆ ಅಂದಿದ್ದು ಕಣ್ರೀ," ಎಂದರು. "ನೀವು ಒತ್ತದೆ ಇದ್ದಿದ್ರೆ ತಮಾಷೆ ಮಾಡೋಕೆ ನಾನೆಲ್ಲಿರ್ತಿದ್ದೆ?" ಆಮೇಲೆ ಅರ್ಜಿಯನ್ನು ವಾಪಸ್ ಕೊಡುತ್ತ, "ನಾಳೆ ನೀವು ಬಿದ್ರೆ ನಂಗೇನೂ ಬರಲ್ಲ. ನಮ್ಮಂಥೋರಿಗೂ ಕಲಿಸ್ತಾರಾ, ಕೇಳಿ," ಎಂದರು.

ಅರ್ಜಿದಾರಳು "ಕೇಳ್ತೀನಿ" ಎಂದು ಹೇಳಿ, ಪೆನ್ನು ಹುಡುಕಿ ಮುಂದಿನದನ್ನು ಬರೆಯಲು ಕೂತಳು.

ಆದ್ದರಿಂದ ಮೇಲ್ಕಾಣಿಸಿದ ದೃಢೀಕರಣದ ಕೋರಿಕೆಯನ್ನು ಕೈಬಿಟ್ಟು, ಮುಂದಿನ ತರಗತಿಯಲ್ಲಿ ಇಬ್ಬರಿಗೂ ಜಾಗ ಕೊಡಬೇಕಾಗಿ ವಿನಂತಿ.

ಹಳೆಯ ನಿಯಮದ ತಮ್ಮ ವಿಶ್ವಾಸಿ,
ಅರ್ಜಿದಾರಳು

ಲಗತ್ತು: ಬೀಗರ ಎಕ್ಸ್-ರೇ ನಕಲು, ವೈದ್ಯರ ಅನುಮತಿ.

ವಿ.ಸೂ.: ಬೀಗರಿಗೆ ಅಭ್ಯಾಸಕ್ಕೆ ಬೊಂಬೆಯನ್ನೇ ಕೊಡಬೇಕು, ಅರ್ಜಿದಾರಳನ್ನು ಕೊಡಬಾರದು.